ಇಳಿಯಲು ಬಂದ ಸಣ್ಣ ವಿಮಾನ ಮತ್ತೆ ಮೇಲೇರುವಾಗ ಬೀಳುವುದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳನ್ನು ಫ್ಲೈಯಿಂಗ್ ಸ್ಕೂಲಿಗೆ ಸೇರಿಸಿದ ಅಪ್ಪ ಅಮ್ಮ, ಈಗ ತಾನೇ ಹಾರಾಟ ಕಲಿಯುತ್ತಿರುವವರು, ಟಿವಿ ನೋಡಿ ಗಾಬರಿಯಾದವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಇಲ್ಲಿ ಸಣ್ಣ ವಿಮಾನ ಅಂದರೆ ಸೆಸ್ನಾ, ಪೈಪರ್, ಡೈಮಂಡ್, ಸಿರಸ್ ತರಹದ ಎರಡು, ನಾಲ್ಕು ಸೀಟಿನವು. ದೊಡ್ಡ ವಿಮಾನಗಳ ಮಾತು ಬೇಕಾದ ಕಡೆ ಮಾತ್ರ ಬರುತ್ತದೆ.

ಗೋ-ಅರೌಂಡ್ ಅಂದರೆ ಏನು?

ಇಳಿಯಲು ಬಂದ ವಿಮಾನ ಇಳಿಯದೆ, ಇಂಜಿನ್‌ಗೆ ಪೂರ್ತಿ ಪವರ್ ಕೊಟ್ಟು ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಬರುವುದು. ರನ್‌ವೇ ಮೇಲೆ ಇನ್ನೊಂದು ವಿಮಾನ ಇರಬಹುದು, ನಾಯಿ ಅಡ್ಡ ಬಂದಿರಬಹುದು, ಗಾಳಿ ಪಕ್ಕದಿಂದ ಹೊಡೆದಿರಬಹುದು, ಎತ್ತರವೋ ವೇಗವೋ ಜಾಸ್ತಿಯಾಗಿರಬಹುದು, ಚಕ್ರ ತಾಗಿ ವಿಮಾನ ಪುಟಿದಿರಬಹುದು. ಅಥವಾ ಸುಮ್ನೆ ಪೈಲಟ್‌ಗೆ "ಯಾಕೋ ಸರಿ ಕಾಣ್ತಿಲ್ಲ" ಅನ್ನಿಸಿರಬಹುದು. ಅಷ್ಟೇ ಕಾರಣ ಇದ್ದರೂ ಸಾಕು.

ಹಾಗಾದರೆ ಅದು ಎಮರ್ಜೆನ್ಸಿ ಅಲ್ವಾ?

ಅಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ತನ್ನ ತರಬೇತಿ ಕೈಪಿಡಿಯಲ್ಲೇ ಇದನ್ನು ಮಾಮೂಲಿ ಕ್ರಮ ಎಂದು ಹೇಳಿದೆ. ನಮ್ಮ ಚಾನೆಲ್‌ಗಳು ಮಾತ್ರ ಪ್ರತಿ ಸಲವೂ "ಕೂದಲೆಳೆ ಅಂತರದಲ್ಲಿ ಪಾರು" ಅಂತ ಓಡಿಸುತ್ತವೆ. ನಿಜಕ್ಕೂ ಚಿಂತೆ ಮಾಡಬೇಕಾದದ್ದು ಮೇಲೇರಿ ಹೋದವರ ಬಗ್ಗೆ ಅಲ್ಲ, ಮೇಲೇರಬೇಕಾಗಿದ್ದೂ ಇಳಿದುಬಿಟ್ಟವರ ಬಗ್ಗೆ. ಏರ್‌ಲೈನ್‌ಗಳ ಹಾರಾಟವನ್ನು ನೋಡಿ ಫ್ಲೈಟ್ ಸೇಫ್ಟಿ ಫೌಂಡೇಶನ್ ಮಾಡಿದ ಅಧ್ಯಯನದ ಪ್ರಕಾರ, ವೇಗ, ಎತ್ತರ ಸರಿಯಾಗಿ ಹೊಂದಿಕೊಳ್ಳದೆ ಬಂದ ಅಪ್ರೋಚ್‌ಗಳಲ್ಲಿ (ಅಪ್ರೋಚ್ ಅಂದರೆ ಇಳಿಯಲು ರನ್‌ವೇ ಕಡೆ ಬರುವುದು) ಬರೀ ಶೇ. 3ರಷ್ಟು ಮಾತ್ರ ಗೋ-ಅರೌಂಡ್ ಆಗುತ್ತವೆ. ಉಳಿದವರೆಲ್ಲ "ಹೇಗೋ ಇಳಿಸೋಣ" ಅಂತ ಇಳಿಸುತ್ತಾರೆ.

ಅಷ್ಟು ಮಾಮೂಲಿ ಆದರೆ ಅಪಘಾತ ಯಾಕೆ?

ಗೋ-ಅರೌಂಡ್ ಮಾಡುವ ನಿರ್ಧಾರ ತಪ್ಪಾಗುವುದು ತೀರಾ ಕಡಿಮೆ. ಎಡವಟ್ಟಾಗುವುದು ನಿರ್ಧಾರ ತಡವಾದಾಗ, ಇಲ್ಲವೇ ಅದರ ನಂತರದ ಹತ್ತು ಹದಿನೈದು ಸೆಕೆಂಡಿನಲ್ಲಿ ಕೈಗಳು ತಪ್ಪು ಕ್ರಮದಲ್ಲಿ ಓಡಿದಾಗ.

ಆ ಹೊತ್ತಿನಲ್ಲಿ ವಿಮಾನ ಹೇಗಿರುತ್ತದೆ ನೋಡಿ. ನೆಲ ಹತ್ತಿರ. ವೇಗ ಕಡಿಮೆ. ಫ್ಲಾಪ್‌ಗಳು (ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಕ್ಕೆ ಇಳಿಯುವ ಹಲಗೆಗಳು) ಪೂರ್ತಿ ಕೆಳಗೆ, ಅಂದರೆ ಗಾಳಿಯ ಎಳೆತ ಜಾಸ್ತಿ. ಇಂಜಿನ್ ಹೆಚ್ಚುಕಮ್ಮಿ ಐಡಲ್‌ನಲ್ಲಿ. ಟ್ರಿಮ್ (ಪೈಲಟ್ ಕೈಗೆ ಬಲ ಬೀಳದ ಹಾಗೆ ಮೂಗನ್ನು ಒಂದು ಮಟ್ಟದಲ್ಲಿ ನಿಲ್ಲಿಸುವ ಹೊಂದಾಣಿಕೆ) ಮೂಗನ್ನು ಮೇಲಕ್ಕೆ ಹಿಡಿಯುವ ಹಾಗೆ ತಿರುಗಿಸಿದ್ದು. ಇಳಿಯುವುದಕ್ಕೆ ಇದೆಲ್ಲ ಸರಿ, ಆದರೆ ಏರುವುದಕ್ಕೆ ಇದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ. ಜೊತೆಗೆ ಪೈಲಟ್‌ನ ಮನಸ್ಸು ಆಗಲೇ ಇಳಿದು, ಪಾರ್ಕಿಂಗ್ ಕಡೆ ಹೊರಟಿರುತ್ತದೆ.

ಈಗ ಪೂರ್ತಿ ಥ್ರಾಟಲ್ (ಇಂಜಿನ್ ಪವರ್ ಹೆಚ್ಚು ಕಮ್ಮಿ ಮಾಡುವ ಹಿಡಿ) ಕೊಟ್ಟರೆ ಒಮ್ಮೆಗೇ ಎರಡು ಸಂಗತಿ ನಡೆಯುತ್ತವೆ. ಟ್ರಿಮ್ ಹಾಗೆಯೇ ಇರುವುದರಿಂದ ಮೂಗು ತಾನಾಗಿ ಮೇಲಕ್ಕೆ ಎದ್ದುಬರುತ್ತದೆ. ಪೈಲಟ್ ಬಲವಾಗಿ ಮುಂದಕ್ಕೆ ಒತ್ತಿ ಹಿಡಿಯಬೇಕು, ಮೊದಲ ಸಲ ಮಾಡುವವರಿಗೆ ಆ ಬಲ ಎಷ್ಟು ಬೇಕು ಅನ್ನುವುದೇ ಅಂದಾಜು ಸಿಗುವುದಿಲ್ಲ. ಹಿಡಿಯದೆ ಬಿಟ್ಟರೆ ಮೂಗು ಇನ್ನೂ ಏರಿ, ಇದ್ದ ವೇಗವೂ ಕರಗಿ, ರೆಕ್ಕೆ ಸ್ಟಾಲ್ ಆಗುತ್ತದೆ, ಅಂದರೆ ವಿಮಾನವನ್ನು ಎತ್ತಿ ಹಿಡಿಯುವ ಬಲ ಕಳೆದುಕೊಳ್ಳುತ್ತದೆ. ಎರಡನೆಯದು, ಒಂದೇ ಇಂಜಿನ್‌ನ ಸಾಮಾನ್ಯ ವಿಮಾನಗಳಲ್ಲಿ ಪ್ರೊಪೆಲ್ಲರ್ ಪೈಲಟ್ ಕಡೆಯಿಂದ ನೋಡಿದರೆ ಬಲಕ್ಕೆ ತಿರುಗುತ್ತದೆ, ಹಾಗಾಗಿ ಪೂರ್ತಿ ಪವರ್‌ನಲ್ಲಿ ವಿಮಾನ ಎಡಕ್ಕೆ ಎಳೆಯುತ್ತದೆ. ಬಲಗಾಲಿನ ರಡರ್ ಪೆಡಲ್ (ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದು) ಒತ್ತದಿದ್ದರೆ ವಿಮಾನ ರನ್‌ವೇ ಬಿಟ್ಟು ಎಡಗಡೆಯ ಮರ, ಹ್ಯಾಂಗರ್, ಬೇಲಿಯ ಕಡೆ ಹೊರಳುತ್ತದೆ. ಹೀಗೆ ಪಕ್ಕಕ್ಕೆ ಜಾರುತ್ತಿರುವಾಗಲೇ ಸ್ಟಾಲ್ ಆದರೆ ಎಡರೆಕ್ಕೆ ಕುಸಿದು ಸ್ಪಿನ್ ಶುರು, ಅಂದರೆ ವಿಮಾನ ಗಿರಗಿರ ತಿರುಗುತ್ತಾ ಬೀಳುತ್ತದೆ. ನೂರಿನ್ನೂರು ಅಡಿ ಎತ್ತರದಲ್ಲಿ ಸ್ಪಿನ್‌ನಿಂದ ಹೊರಬರಲು ಜಾಗವೇ ಇಲ್ಲ.

ಸರಿಯಾದ ಕ್ರಮ ಯಾವುದು?

ಪವರ್, ಮೂಗು, ಆಮೇಲೆ ಫ್ಲಾಪ್. ಇದೇ ಕ್ರಮ, ಬೇರೆ ಇಲ್ಲ.

ಸೆಸ್ನಾ 172 ಅನ್ನೇ ತೆಗೆದುಕೊಳ್ಳೋಣ. ಥ್ರಾಟಲ್ ಪೂರ್ತಿ ಒಳಗೆ, ಜರ್ಕ್ ಹೊಡೆಯದೆ, ಆದರೆ ಅನುಮಾನಿಸದೆ. ಹಳೆಯ 172 ಅಥವಾ 152 ಆಗಿದ್ದರೆ ಕಾರ್ಬ್ ಹೀಟ್ ಕೂಡ ಆಫ್ ಮಾಡಬೇಕು. ಇಳಿಯುವಾಗ ಕಾರ್ಬುರೇಟರ್‌ನಲ್ಲಿ ಐಸ್ ಕಟ್ಟದಿರಲಿ ಅಂತ ಅದನ್ನು ಆನ್ ಮಾಡಿರುತ್ತಾರೆ, ಮರೆತರೆ ಬಿಸಿಗಾಳಿ ಕುಡಿಯುತ್ತಿರುವ ಇಂಜಿನ್ ಪೂರ್ತಿ ಪವರ್ ಕೊಡುವುದಿಲ್ಲ. ಥ್ರಾಟಲ್ ಒತ್ತುತ್ತಿದ್ದಂತೆ ಎಡಗೈ ಯೋಕ್ (ವಿಮಾನದ ಸ್ಟೀರಿಂಗ್) ಅನ್ನು ಮುಂದಕ್ಕೆ ಹಿಡಿಯುತ್ತದೆ, ಬಲಗಾಲು ರಡರ್ ಒತ್ತುತ್ತದೆ. ಮೊದಲು ಇಳಿಯುವುದು ನಿಲ್ಲಲಿ, ವೇಗ ಬರಲಿ, ಆಕಾಶಕ್ಕೆ ಏರುವ ಆತುರ ಬೇಡ. ಫ್ಲಾಪ್ ಪೂರ್ತಿ 30 ಡಿಗ್ರಿ ಇದ್ದರೆ ತಕ್ಷಣ 20ಕ್ಕೆ, ವೇಗ 60 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಆಸುಪಾಸು ಹಿಡಿದು ಮುಂದೆ 10ಕ್ಕೆ, ಎದುರಿನ ಮರ ಕಟ್ಟಡ ಎಲ್ಲ ದಾಟಿ ವೇಗ 65 ನಾಟ್ ದಾಟಿದ ಮೇಲೆ ಸೊನ್ನೆಗೆ. ಇದು 172ಎಸ್ ಮಾದರಿಯ ಲೆಕ್ಕ. ನಿಮ್ಮ ವಿಮಾನದ ಕೈಪಿಡಿಯಲ್ಲಿ ಬೇರೆ ಇದ್ದರೆ ಅದೇ ಅಂತಿಮ.

ಇಷ್ಟೆಲ್ಲ ಆದ ಮೇಲೆ ರೇಡಿಯೊ. ಕಂಟ್ರೋಲ್ ಟವರ್‌ಗೆ ಹೇಳುವುದು ಹತ್ತು ಸೆಕೆಂಡ್ ತಡವಾದರೆ ಏನೂ ಆಗುವುದಿಲ್ಲ. ನೀವು ಮೇಲೇರುತ್ತಿರುವುದು ಅವರಿಗೆ ಕಾಣುತ್ತಿರುತ್ತದೆ.

ಫ್ಲಾಪ್ ಒಂದೇ ಸಲ ಮೇಲೆತ್ತಿದರೆ ಏನಾಗುತ್ತದೆ?

ಏಣಿ ಹತ್ತುತ್ತಿರುವವನ ಕಾಲಡಿಯ ಮೆಟ್ಟಿಲನ್ನೇ ಎಳೆದುಕೊಂಡ ಹಾಗೆ ಆಗುತ್ತದೆ. ಫ್ಲಾಪ್ ಎಳೆತ ಹೆಚ್ಚಿಸುತ್ತದೆ ನಿಜ, ಆದರೆ ಕಡಿಮೆ ವೇಗದಲ್ಲಿ ವಿಮಾನವನ್ನು ಎತ್ತಿ ಹಿಡಿದಿರುವುದೂ ಅದೇ. 172ಎಸ್ ಸ್ಪೀಡೋಮೀಟರ್ ನೋಡಿದರೆ ಗೊತ್ತಾಗುತ್ತದೆ: ಪೂರ್ತಿ ಫ್ಲಾಪ್ ಇದ್ದಾಗ ಸ್ಟಾಲ್ ಆಗುವುದು 40 ನಾಟ್ ಹತ್ತಿರ, ಫ್ಲಾಪ್ ಇಲ್ಲದಿದ್ದರೆ 48. ಅಂದರೆ 45 ನಾಟ್‌ನಲ್ಲಿ ತೇಲುತ್ತಿರುವಾಗ ಲಿವರ್ ಪೂರ್ತಿ ಮೇಲೆತ್ತಿದರೆ, ವೇಗ ಒಂದು ನಾಟ್ ಕೂಡ ಇಳಿಯದೆಯೇ ವಿಮಾನ ಸ್ಟಾಲ್ ಆಗುವ ಕಡೆ ಬಂದು ನಿಲ್ಲುತ್ತದೆ. ಅದರ ಮೇಲೆ ತಿರುವು ಬೇರೆ ಇದ್ದರೆ ಕಥೆ ಮುಗಿಯಿತು. ಎತ್ತರ ಕಾಯ್ದುಕೊಂಡು 45 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ವೇಗ ಸುಮಾರು ಶೇ. 19 ಏರುತ್ತದೆ, 60 ಡಿಗ್ರಿ ವಾಲಿದರೆ ಶೇ. 41.

ಇದಕ್ಕೆ ಉಲ್ಟಾ ತಪ್ಪೂ ಇದೆ. ಫ್ಲಾಪ್ ಎತ್ತುವುದನ್ನೇ ಮರೆಯುವುದು. ಹಳೆಯ ಸೆಸ್ನಾ 150ರಲ್ಲಿ ಫ್ಲಾಪ್ 40 ಡಿಗ್ರಿವರೆಗೂ ಇಳಿಯುತ್ತಿತ್ತು. ಅಷ್ಟು ಫ್ಲಾಪ್ ಇಟ್ಟುಕೊಂಡು, ಇಬ್ಬರು ಕೂತು, ಬಿಸಿಲಿನಲ್ಲಿ ಆ ಸಣ್ಣ ಇಂಜಿನ್ ವಿಮಾನವನ್ನು ಏರಿಸಲು ಏದುಸಿರು ಬಿಡುತ್ತದೆ. 152 ಬಂದಾಗ ಅದನ್ನು 30ಕ್ಕೆ ಇಳಿಸಿದರು.

ನಿಜವಾಗಿ ನಡೆದ ಒಂದು ಘಟನೆ ಹೇಳಿ.

2016ರ ಜೂನ್ 9. ಅಮೆರಿಕದ ಟೆಕ್ಸಸ್‌ನ ಹ್ಯೂಸ್ಟನ್ ಹಾಬಿ ವಿಮಾನ ನಿಲ್ದಾಣ. ಒಕ್ಲಹೋಮಾದಿಂದ ಸಿರಸ್ ಎಸ್‌ಆರ್20 ಒಂದು ಬಂದಿತ್ತು, ಪೈಲಟ್ ಮಹಿಳೆ ಮತ್ತು ಇಬ್ಬರು ಪ್ರಯಾಣಿಕರು. ಹಾಬಿ ಅಂದರೆ ಬೋಯಿಂಗ್ 737ಗಳು ಸಾಲಾಗಿ ಇಳಿಯುವ ಜಾಗ. ಹಿಂದೆ ಬರುತ್ತಿದ್ದ ವೇಗದ 737ಕ್ಕೆ ದಾರಿ ಬಿಡಬೇಕಾಗಿ ಬಂದು ಕಂಟ್ರೋಲರ್ ಇವರನ್ನು ಮೊದಲ ಅಪ್ರೋಚ್‌ನಿಂದ ಬಿಡಿಸಿದರು, ಆಮೇಲೆ ರನ್‌ವೇ 35 ಕಡೆ ಕಳಿಸಿದರು. ಅಲ್ಲಿ ಅಡ್ಡಗಾಳಿ. ಮೊದಲ ಸಲ ಎತ್ತರ ಜಾಸ್ತಿಯಾಯಿತು, ಇಳಿಯಲಿಲ್ಲ. ಇನ್ನೊಮ್ಮೆ ಬಂದರು, ಮತ್ತೆ ಎತ್ತರ ಜಾಸ್ತಿ, ಮತ್ತೆ ಗೋ-ಅರೌಂಡ್. ಇಲ್ಲಿಯವರೆಗೆ ಪೈಲಟ್ ಮಾಡಿದ್ದು ಒಂದೂ ತಪ್ಪಲ್ಲ, ಒತ್ತಾಯದಿಂದ ಇಳಿಸಲು ಹೋಗದೆ ಬಿಟ್ಟದ್ದು ಒಳ್ಳೆಯ ತೀರ್ಮಾನವೇ.

ಆದರೆ ನಡುನಡುವೆ ರೇಡಿಯೊದಲ್ಲಿ ಸೂಚನೆಯ ಮೇಲೆ ಸೂಚನೆ. ಆ ರನ್‌ವೇ, ಈ ರನ್‌ವೇ, ಎಡಕ್ಕೆ, ಬಲಕ್ಕೆ, ಅಲ್ಲೊಂದು 737 ಕಾಣ್ತಾ ನೋಡಿ. ಪೈಲಟ್ ಒಂದಕ್ಕೂ ಇಲ್ಲ ಅನ್ನದೆ ವಿನಯದಿಂದ ಉತ್ತರ ಕೊಡುತ್ತಲೇ ಹೋದರು. ಕೊನೆಯ ಗೋ-ಅರೌಂಡ್‌ನಲ್ಲಿ ವೇಗ ಸಾಕಷ್ಟು ಬರುವ ಮೊದಲೇ ಫ್ಲಾಪ್ ಮೇಲೆತ್ತಿದರು, ತಿರುವಿನಲ್ಲಿ ವಿಮಾನ ಸ್ಟಾಲ್ ಆಗಿ, ಸ್ಪಿನ್‌ಗೆ ಬಿದ್ದು, ಹಾರ್ಡ್‌ವೇರ್ ಅಂಗಡಿಯೊಂದರ ಪಾರ್ಕಿಂಗ್‌ನಲ್ಲಿ ನಿಂತಿದ್ದ ಖಾಲಿ ಕಾರಿನ ಮೇಲೆ ಬಿತ್ತು. ಮೂವರೂ ಉಳಿಯಲಿಲ್ಲ.

ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ, ಸುರಕ್ಷಿತ ವೇಗ ಬರುವ ಮೊದಲು ಫ್ಲಾಪ್ ಎತ್ತಿದ್ದನ್ನು ಮುಖ್ಯ ಕಾರಣ ಎಂದಿತು. ಜೊತೆಗೆ ಸಣ್ಣ ವಿಮಾನವನ್ನು ಅಲ್ಲೇ ಸರ್ಕಿಟ್‌ನಲ್ಲಿ (ಇಳಿಯುವ ಮೊದಲು ರನ್‌ವೇ ಸುತ್ತ ಹಾರುವ ಹಾದಿ) ಸುತ್ತಿಸುತ್ತಲೇ ಇಟ್ಟ ಕಂಟ್ರೋಲರ್ ತೀರ್ಮಾನ, ಸೂಕ್ಷ್ಮ ಹೊತ್ತಿನಲ್ಲಿ ಇನ್ನೊಬ್ಬ ಕಂಟ್ರೋಲರ್ ಕೊಟ್ಟ ಅನಗತ್ಯವಾಗಿ ಗೋಜಲಾದ ಸೂಚನೆ, ಪೈಲಟ್ ಖಡಾಖಂಡಿತವಾಗಿ ಮಾತಾಡದೇ ಹೋದದ್ದು, ಇವನ್ನೂ ಸೇರಿಸಿತು. ನನ್ನ ಮಟ್ಟಿಗೆ ಈ ವರದಿಯಲ್ಲಿ ಅತಿ ಮುಖ್ಯವಾದದ್ದು ಆ ಕೊನೆಯ ಸಾಲು.

ಸಿರಸ್‌ನಲ್ಲಿ ಇಡೀ ವಿಮಾನಕ್ಕೇ ಪ್ಯಾರಾಚೂಟ್ ಇರುತ್ತದಲ್ಲ, ಎಳೆಯಬಹುದಿತ್ತಲ್ವಾ?

ಇರುತ್ತದೆ. ಆದರೆ ಅದು ಬಿಚ್ಚಿಕೊಳ್ಳಲು ಎತ್ತರ ಬೇಕು, ಸಮಯವೂ ಬೇಕು. ಗೋ-ಅರೌಂಡ್‌ನಲ್ಲಿ ಸ್ಪಿನ್ ಆದಾಗ ಎರಡೂ ಇರುವುದಿಲ್ಲ.

ಟವರ್ ಹೇಳಿದ್ದಕ್ಕೆ "ಆಗಲ್ಲ" ಅನ್ನಬಹುದಾ?

ಅನ್ನಬಹುದು, ಅನ್ನಲೇಬೇಕು. "ಅನೇಬಲ್" ಅನ್ನುವ ಒಂದೇ ಪದ ಸಾಕು, ಕಾರಣ ಆಮೇಲೆ ಹೇಳಿದರೂ ನಡೆಯುತ್ತದೆ. ವಿಮಾನದ ಜವಾಬ್ದಾರಿ ಪೈಲಟ್‌ನದು, ಕಂಟ್ರೋಲರ್‌ನದಲ್ಲ. ನಮ್ಮ ಹುಡುಗರಿಗೆ ಇದು ಇನ್ನೂ ಕಷ್ಟ. ದೊಡ್ಡವರಿಗೆ, ಮೇಷ್ಟ್ರಿಗೆ, ಆಫೀಸರಿಗೆ ಎದುರು ಮಾತಾಡಬಾರದು ಅಂತ ಬೆಳೆದವರು ಹೆಡ್‌ಸೆಟ್‌ನಲ್ಲಿ ಗಡಸು ದನಿ ಕೇಳಿದ ಕೂಡಲೇ "ಎಸ್ ಸರ್" ಅಂದುಬಿಡುತ್ತಾರೆ. ಥ್ರಾಟಲ್, ಫ್ಲಾಪ್ ಕಲಿಸುವ ಹಾಗೆಯೇ ಇದನ್ನೂ ಬಾಯಿಬಿಟ್ಟು ಹೇಳಿಸಿ ಅಭ್ಯಾಸ ಮಾಡಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೆಂಗಳೂರಲ್ಲಿ ಕಲಿಯುವವರಿಗೆ ಏನಾದರೂ ವ್ಯತ್ಯಾಸ ಇದೆಯಾ?

ಇದೆ, ಮತ್ತೆ ಅದು ಚಿಕ್ಕದಲ್ಲ. ಇಲ್ಲಿನ ಸಣ್ಣ ವಿಮಾನಗಳ ನಿಲ್ದಾಣ ಜಕ್ಕೂರು ಇರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿ. ಆ ಎತ್ತರಕ್ಕೆ ಲೆಕ್ಕದ ಪ್ರಕಾರ ಇರಬೇಕಾದ ಉಷ್ಣಾಂಶ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಇದ್ದರೆ 26 ಡಿಗ್ರಿ ಹೆಚ್ಚು, ಒಂದೊಂದು ಡಿಗ್ರಿಗೆ ಸುಮಾರು 120 ಅಡಿ ಸೇರಿಸಿದರೆ ಇನ್ನೊಂದು 3,100 ಅಡಿ ಆಯಿತು. ಅಂದರೆ ವಿಮಾನದ ಪಾಲಿಗೆ ನೀವು ಹಾರುತ್ತಿರುವುದು ಹೆಚ್ಚುಕಮ್ಮಿ 6,100 ಅಡಿಯ ತೆಳು ಗಾಳಿಯಲ್ಲಿ. ಟರ್ಬೊ ಇಲ್ಲದ ಇಂಜಿನ್ ಸಾವಿರ ಅಡಿಗೆ ಸುಮಾರು ಶೇ. 3 ಶಕ್ತಿ ಕಳೆದುಕೊಳ್ಳುತ್ತದೆ. 172ಎಸ್‌ನ 180 ಕುದುರೆಗಳಲ್ಲಿ ಮೂವತ್ತು ಕುದುರೆ ಲಾಯದಲ್ಲೇ ಉಳಿದವು ಅಂತ ಇಟ್ಟುಕೊಳ್ಳಿ. ಪ್ರೊಪೆಲ್ಲರ್ ಹಿಡಿಯುವ ಗಾಳಿಯೂ ತೆಳು, ರೆಕ್ಕೆಯ ಕೆಳಗಿನ ಗಾಳಿಯೂ ತೆಳು.

ಇನ್ನೊಂದು ಮೋಸ ಇದೆ. ಮೀಟರ್‌ನಲ್ಲಿ 60 ನಾಟ್ ತೋರಿಸುತ್ತಿದ್ದರೂ ನಿಜವಾದ ವೇಗ ಅದಕ್ಕಿಂತ ಸುಮಾರು ಶೇ. 10 ಜಾಸ್ತಿ ಇರುತ್ತದೆ. ಕಿಟಕಿಯಾಚೆ ನೆಲ ಓಡುವುದನ್ನು ನೋಡಿ "ವೇಗ ಬಂದಿದೆ" ಅಂತ ಮೂಗು ಎತ್ತಿದವರು ಕೆಟ್ಟರು. ಕಣ್ಣು ಮೀಟರ್ ಮೇಲಿರಲಿ. ಕರಾವಳಿಯಲ್ಲಿ ಕಲಿತು ಇಲ್ಲಿಗೆ ಬಂದವರು ಮೊದಲ ಗೋ-ಅರೌಂಡ್‌ನಲ್ಲಿ ವಿಮಾನ ಯಾಕೆ ಏಳ್ತಾನೇ ಇಲ್ಲ ಅಂತ ಕಂಗಾಲಾಗುವುದು ಇದಕ್ಕೇ.

ಚಕ್ರ ತಾಗಿದ ಮೇಲೂ ಮೇಲೇರಬಹುದಾ?

ಸಣ್ಣ ವಿಮಾನದಲ್ಲಿ ರನ್‌ವೇ ಉದ್ದ ಉಳಿದಿದ್ದರೆ ಆಗುತ್ತದೆ, ತರಬೇತಿಯಲ್ಲಿ ಮಾಡುವ ಟಚ್ ಅಂಡ್ ಗೋ ಅದೇ ತಾನೆ. ಎತ್ತರಕ್ಕೆ ಪುಟಿದಾಗಲಂತೂ ಮತ್ತೆ ನೆಲಕ್ಕೆ ಒತ್ತಲು ಹೋಗಿ ಮುಂದಿನ ಚಕ್ರ ಮುರಿದುಕೊಳ್ಳುವುದಕ್ಕಿಂತ ಮೇಲೇರುವುದೇ ವಾಸಿ. ಆದರೆ ಒಂದು ಗೆರೆ ಇದೆ. ಬ್ರೇಕ್ ಹಾಕಿ ನಿಲ್ಲಿಸಲು ಶುರು ಮಾಡಿ, ರನ್‌ವೇಯೂ ಮುಗಿಯುತ್ತಾ ಬಂದಿದ್ದರೆ ಅಲ್ಲೇ ಉಳಿಯಿರಿ. ನಲವತ್ತು ಕಿಲೋಮೀಟರ್ ವೇಗದಲ್ಲಿ ಬೇಲಿಗೆ ಗುದ್ದಿದವರು ಇಳಿದು ನಡೆದುಕೊಂಡು ಬರುತ್ತಾರೆ. ನೂರರಲ್ಲಿ ಮರಕ್ಕೆ ಗುದ್ದಿದವರ ಮಾತು ಬೇರೆ.

ಮಂಗಳೂರಿನದು ಸಣ್ಣ ವಿಮಾನ ಅಲ್ಲ, ಆದರೂ ಹೇಳದೆ ಇರಲಾಗದು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ವಿಪರೀತ ಎತ್ತರದಿಂದ ಬಂತು. ಗೋ-ಅರೌಂಡ್ ಮಾಡಿ ಅಂತ ಸಹ-ಪೈಲಟ್ ಒಮ್ಮೆಯಲ್ಲ, ಮೂರು ಸಲ ಹೇಳಿದ್ದು ರೆಕಾರ್ಡರ್‌ನಲ್ಲಿದೆ. ಕ್ಯಾಪ್ಟನ್ ಕೇಳಲಿಲ್ಲ. 8,000 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ತಾಗಿತು. ರಿವರ್ಸ್ ಥ್ರಸ್ಟ್ (ವೇಗ ತಗ್ಗಿಸಲು ಇಂಜಿನ್ ಬಲವನ್ನು ಉಲ್ಟಾ ತಿರುಗಿಸುವುದು) ಹಾಕಿ, ಆಮೇಲೆ ಮನಸ್ಸು ಬದಲಿಸಿ ಮತ್ತೆ ಹಾರಿಸಲು ನೋಡಿದರು. ಆಗಲಿಲ್ಲ. ಗುಡ್ಡದ ಮೇಲಿನ ಆ ರನ್‌ವೇಯಿಂದ ಕಣಿವೆಗೆ ಬಿದ್ದು 158 ಜನ ಹೋದರು, ಬದುಕಿದ್ದು ಎಂಟೇ ಜನ. ರಿವರ್ಸ್ ಹಾಕಿದ ಮೇಲೆ ಮತ್ತೆ ಹಾರಿಸಲು ಹೋಗಬಾರದು ಅನ್ನುವುದು ಬೋಯಿಂಗ್‌ನ ನಿಯಮ.

ಪ್ರೊಪೆಲ್ಲರ್ ನೆಲಕ್ಕೆ ತಾಗಿದರೆ?

ಮೇಲೇರಲೇಬೇಡಿ. ಬ್ಲೇಡ್ ಬಾಗಿರುತ್ತದೆ, ಇಂಜಿನ್ ಒಳಗೆ ಏನು ಮುರಿದಿದೆ ಗೊತ್ತಿಲ್ಲ. ಚಕ್ರ ಇಳಿಸಲು ಮರೆತು ಪ್ರೊಪೆಲ್ಲರ್ ಟಪಟಪ ಅಂತ ರನ್‌ವೇಗೆ ಬಡಿದ ಸದ್ದಿಗೆ ಗಾಬರಿಯಾಗಿ ಥ್ರಾಟಲ್ ಒತ್ತುವುದು ಕೈಗೆ ಸಹಜ ಅನ್ನಿಸುತ್ತದೆ, ಆದರೆ ಹೊಟ್ಟೆ ಮೇಲೆ ಉಜ್ಜಿಕೊಂಡು ನಿಂತರೆ ಹೋಗುವುದು ದುಡ್ಡು ಅಷ್ಟೇ. 2020ರಲ್ಲಿ ಕರಾಚಿಯಲ್ಲಿ ಪಾಕಿಸ್ತಾನದ ಪಿಐಎ ಕಂಪನಿಯ ಏರ್‌ಬಸ್ ಚಕ್ರ ಇಳಿಸದೆ ಬಂದು, ಇಂಜಿನ್‌ಗಳನ್ನು ರನ್‌ವೇಗೆ ಉಜ್ಜಿ ಮತ್ತೆ ಮೇಲೇರಿತು. ಎರಡೂ ಇಂಜಿನ್ ಕೈಕೊಟ್ಟು ಮನೆಗಳ ಮೇಲೆ ಬಿತ್ತು.

ಗೋ-ಅರೌಂಡ್ ಮಾಡಲು ಆಗದಂಥ ಜಾಗಗಳು ಇವೆಯಾ?

ಇವೆ. ಹೆಸರಾದದ್ದು ನೇಪಾಳದ ಲುಕ್ಲಾ, ಎವರೆಸ್ಟ್ ಕಡೆ ಹೋಗುವವರು ಇಳಿಯುವ ಜಾಗ. 2,845 ಮೀಟರ್ ಎತ್ತರ, 527 ಮೀಟರ್ ಉದ್ದದ ರನ್‌ವೇ, ಅದೂ ಶೇ. 11ಕ್ಕಿಂತ ಹೆಚ್ಚು ಇಳಿಜಾರು, ಆ ತುದಿಯಲ್ಲಿ ಬೆಟ್ಟ. ಕೊನೆಯ ಹಂತಕ್ಕೆ ಬಂದ ಮೇಲೆ ಇಳಿಯುವುದೊಂದೇ ದಾರಿ. ಅಲ್ಲಿನ ಪೈಲಟ್‌ಗಳು ನಿರ್ಧಾರವನ್ನು ಬಹಳ ಮುಂಚೆಯೇ, ಕಣಿವೆಯಲ್ಲಿ ತಿರುಗಲು ಜಾಗ ಇರುವಾಗಲೇ ಮಾಡಿ ಮುಗಿಸುತ್ತಾರೆ.

ರಾತ್ರಿ ಹೊತ್ತು ಅಪಾಯ ಜಾಸ್ತಿ ಅನ್ನುತ್ತಾರೆ, ಹೌದಾ?

ಹೌದು. ಒಮ್ಮೆಗೇ ವೇಗ ಏರಿದಾಗ ಒಳಗಿವಿ ಅದನ್ನು ಮೂಗು ಮೇಲಕ್ಕೆ ಏರಿದ ಹಾಗೆ ಗ್ರಹಿಸುತ್ತದೆ. ಹಗಲಲ್ಲಿ ಕಣ್ಣು ತಿದ್ದುತ್ತದೆ, ಕತ್ತಲಲ್ಲಿ ಅಥವಾ ಮೋಡದಲ್ಲಿ ತಿದ್ದುವವರಿಲ್ಲ. ಹೆದರಿದ ಪೈಲಟ್ ಮೂಗನ್ನು ಕೆಳಕ್ಕೆ ಒತ್ತುತ್ತಾನೆ, ಚೆನ್ನಾಗಿ ಏರುತ್ತಿದ್ದ ವಿಮಾನ ನೆಲಕ್ಕೆ ಹೊರಡುತ್ತದೆ. 2000ದ ಆಗಸ್ಟ್‌ನಲ್ಲಿ ಬಹ್ರೇನ್‌ನಲ್ಲಿ ಗಲ್ಫ್ ಏರ್‌ನ ಎ320 ರಾತ್ರಿ ಗೋ-ಅರೌಂಡ್‌ನಲ್ಲಿ ಸಮುದ್ರಕ್ಕೆ ಹೋಗಿ 143 ಜನ ಸತ್ತರು. ತನಿಖೆ ಈ ಭ್ರಮೆಯ ಕಡೆಗೂ ಬೆರಳು ತೋರಿಸಿತು. ಸೆಸ್ನಾದಲ್ಲಿ ಅಷ್ಟು ನೂಕು ಇಲ್ಲ, ಆದರೂ ಕತ್ತಲಲ್ಲಿ ಮೀಟರ್ ನಂಬಿ, ಮೈಯನ್ನು ನಂಬಬೇಡಿ.

ಎಷ್ಟು ಸಲ ಪ್ರಯತ್ನಿಸಬಹುದು?

ಇಂಧನ ಇರುವಷ್ಟು ಸಲ ಅನ್ನುವುದು ಪುಸ್ತಕದ ಉತ್ತರ. ನನ್ನ ಉತ್ತರ: ಎರಡು ಸಲ ಒಂದೇ ಕಾರಣಕ್ಕೆ ಆಗದಿದ್ದರೆ ಮೂರನೆಯದನ್ನು ಹಾಗೆಯೇ ಮಾಡಬೇಡಿ. ಊರಾಚೆ ಹೋಗಿ, ಐದು ನಿಮಿಷ ನೆಟ್ಟಗೆ ಹಾರಿ, ನೀರು ಕುಡಿದು, ಗಾಳಿ ಎತ್ತ ತಳ್ಳುತ್ತಿದೆ ಅಂತ ಯೋಚಿಸಿ. ಬೇರೆ ರನ್‌ವೇ ಕೇಳಿ, ಬೇಕಾದರೆ ಬೇರೆ ಊರಿಗೇ ಹೋಗಿ. ಪ್ರತಿ ಸುತ್ತಿಗೂ ತಲೆ ದಣಿಯುತ್ತದೆ, ಅದು ಮಾತ್ರ ಯಾವ ಮೀಟರ್‌ನಲ್ಲೂ ತೋರಿಸುವುದಿಲ್ಲ.

ಅಭ್ಯಾಸ ಹೇಗೆ ಮಾಡಬೇಕು?

ಮೊದಲು ಮೇಲೆ. ಇನ್‌ಸ್ಟ್ರಕ್ಟರ್ ಜೊತೆ ನೆಲದಿಂದ ಮೂರು ಸಾವಿರ ಅಡಿ ಮೇಲೆ ಹೋಗಿ, ಒಂದು ಎತ್ತರವನ್ನೇ ರನ್‌ವೇ ಅಂದುಕೊಳ್ಳಿ. ಪೂರ್ತಿ ಫ್ಲಾಪ್, ಟ್ರಿಮ್, ಇಳಿಯುವ ವೇಗ ಎಲ್ಲ ಹೊಂದಿಸಿ ಅಲ್ಲಿಗೆ ಇಳಿದು ಗೋ-ಅರೌಂಡ್ ಮಾಡಿ. ಯೋಕ್ ಎಷ್ಟು ಬಲವಾಗಿ ಕೈಗೆ ಎದ್ದುಬರುತ್ತದೆ, ಕಾಲು ಎಷ್ಟು ಒತ್ತಬೇಕು, ಏರುವ ಮೊದಲು ಎಷ್ಟು ಅಡಿ ಕಳೆದುಹೋಯಿತು ನೋಡಿಕೊಳ್ಳಿ. ಆಮೇಲೆ ರನ್‌ವೇ ಹತ್ತಿರ, ಬೇರೆ ಬೇರೆ ಎತ್ತರದಲ್ಲಿ, ಕೊನೆಗೆ ಫ್ಲೇರ್‌ನಲ್ಲಿ, ಅಂದರೆ ಚಕ್ರ ತಾಗುವ ಮೊದಲು ಮೂಗು ಎತ್ತುವ ಹೊತ್ತಿನಲ್ಲಿ. ಇನ್‌ಸ್ಟ್ರಕ್ಟರ್ "ಗೋ ಅರೌಂಡ್" ಅಂತ ಯಾವಾಗ ಕೂಗುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಅದು ಅಭ್ಯಾಸ ಅಲ್ಲ.

ಗೋ-ಅರೌಂಡ್ ಮಾಡಿದರೆ ಇನ್‌ಸ್ಟ್ರಕ್ಟರ್ ಬೈತಾರಾ? ಮಾರ್ಕ್ಸ್ ಕಟ್ ಆಗುತ್ತಾ?

ಒಳ್ಳೆಯ ಇನ್‌ಸ್ಟ್ರಕ್ಟರ್ ಬೈಯುವುದಿಲ್ಲ, ಪರೀಕ್ಷಕರು ಅದನ್ನು ಒಳ್ಳೆಯ ತೀರ್ಮಾನ ಅಂತಲೇ ನೋಡುತ್ತಾರೆ. ಗಂಟೆಗೆ ಸಾವಿರಗಟ್ಟಲೆ ರೂಪಾಯಿ, ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದದ್ದು 200 ಗಂಟೆ, ಮನೆಯವರು ಸಾಲ ಮಾಡಿರುತ್ತಾರೆ, ಹೀಗಿರುವಾಗ ಇನ್ನೊಂದು ಸುತ್ತಿನ ಖರ್ಚು ವಿದ್ಯಾರ್ಥಿಯ ತಲೆಯಲ್ಲಿ ಓಡುವುದು ಸಹಜ. ಅಪ್ಪ ಅಮ್ಮಂದಿರೇ, ಆ ಭಾರ ತೆಗೆಯುವುದು ನಿಮ್ಮ ಕೈಲಿದೆ. "ಇವತ್ತು ಎಷ್ಟು ಲ್ಯಾಂಡಿಂಗ್ ಆಯ್ತು?" ಅಂತ ಕೇಳುವಾಗ "ಎಷ್ಟು ಗೋ-ಅರೌಂಡ್ ಮಾಡ್ದೆ?" ಅಂತಲೂ ಕೇಳಿ.

ಪ್ರಯಾಣಿಕನಾಗಿ ಕೂತಿದ್ದರೆ ನಾನೇನು ಮಾಡಬೇಕು?

ಬೆಲ್ಟ್ ಬಿಗಿಯಾಗಿರಲಿ, ಕಾಲು ಪೆಡಲ್‌ನಿಂದ ದೂರ ಇರಲಿ, ಬಾಯಿ ಮುಚ್ಚಿರಲಿ. "ಏನಾಯ್ತು?" ಅಂತ ಕೇಳುವುದು ಸಾವಿರ ಅಡಿ ಏರಿದ ಮೇಲೆ.